ಹೆಬ್ಬೆಟ್ಟು ಒಪ್ಪಿಗೆಯಲ್ಲ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಕೆಲಸದ ವಾಟ್ಸ್‌ಆ್ಯಪ್ ಗ್ರೂಪು ನಡೆಸುವ ಅಡ್ಮಿನ್‌ಗಳಿಗೆ ಬಹಿರಂಗ ಪತ್ರ

ಪ್ರಿಯ ಅಡ್ಮಿನ್‌ಗಳೇ,

ನಿಮ್ಮನ್ನೆಲ್ಲ ಹೀಗೆ ಒಟ್ಟಿಗೆ ಕರೆದು ಯಾರೂ ಪತ್ರ ಬರೆದಿರಲಿಕ್ಕಿಲ್ಲ. ನಿಮಗೆ ಸಂಘವಿಲ್ಲ, ಚುನಾವಣೆಯಿಲ್ಲ, ಆ ಹುದ್ದೆಗೆಂದು ಮೂರು ಕಾಸಿನ ಸಂಬಳವೂ ಇಲ್ಲ. ಗಾರ್ಮೆಂಟ್ಸ್‌ನಲ್ಲಿ ನೀವು ಸೂಪರ್‌ವೈಸರ್, ರೇಷ್ಮೆ ಫಿಲೇಚರಿನಲ್ಲಿ ಮಾಲೀಕರ ತಮ್ಮನ ಮಗ, ಹಾಲಿನ ಡೇರಿಯಲ್ಲಿ ಕಾರ್ಯದರ್ಶಿ, ಪಂಚಾಯ್ತಿಯಲ್ಲಿ ಪಿಡಿಒ, ಶಾಲೆಯಲ್ಲಿ ಹೆಡ್‌ಮಾಸ್ಟರು. ಆದರೆ ಯಾರು ಎಷ್ಟು ಗಂಟೆಗೆ ಎಲ್ಲಿರಬೇಕು, ಯಾರಿಗೆ ರಜೆ ಸಿಕ್ಕಿತು, ಯಾವ ವರದಿ ಯಾವತ್ತು ಹೋಗಬೇಕು ಎನ್ನುವುದೆಲ್ಲ ಈ ನಾಲ್ಕು ತಾಲ್ಲೂಕಿನಲ್ಲಿ ಈಗ ಗೊತ್ತಾಗುವುದು ನಿಮ್ಮ ಫೋನಿನಿಂದಲೇ. ಅದಕ್ಕೇ ಈ ಪತ್ರ.

ನಾನೂ ನಿಮ್ಮವನೇ. ಶಿಡ್ಲಘಟ್ಟದ ರೀಲಿಂಗ್ ಘಟಕವೊಂದರಲ್ಲಿ ಲೆಕ್ಕ ಬರೆಯುತ್ತಾ ಶುರು ಮಾಡಿದವನು, ಕೊನೆಯ ಹನ್ನೊಂದು ವರ್ಷ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಕಳೆದೆ. ಎರಡು ಬಸ್ ರೂಟಿನ ಗ್ರೂಪಿಗೆ ಅಡ್ಮಿನ್ ಆಗಿದ್ದೆ. ಆಗ ಮಾಡಿದ ಒಂದು ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಒಂದು ರಾತ್ರಿ ಒಂಬತ್ತೂಮುಕ್ಕಾಲಿಗೆ ಮೇಲಿನವರ ಫೋನು ಬಂತು. ನಾಳೆಯಿಂದ ಬಸ್ಸು ಅರ್ಧ ಗಂಟೆ ಮುಂಚೆ, ಎಲ್ಲರಿಗೂ ತಿಳಿಸಿ ಅಂದರು. ಗ್ರೂಪಿನಲ್ಲಿ 84 ಜನ. ಒಂದು ಸಾಲು ಬರೆದು ಹಾಕಿದೆ. ಹತ್ತೂವರೆ ಹೊತ್ತಿಗೆ 61 ಹೆಬ್ಬೆರಳು ಬಂದಿದ್ದವು. ಕೆಲಸ ಆಯಿತೆಂದು ಮಲಗಿದೆ. ಬೆಳಿಗ್ಗೆ ನಮ್ಮ ರೂಟಿನ ಒಬ್ಬ ಹೆಣ್ಣುಮಗಳು ಎಂದಿನ ಹೊತ್ತಿಗೇ ಕ್ರಾಸಿಗೆ ಬಂದು ನಿಂತಿದ್ದಾಳೆ. ಬಸ್ಸು ಹೋಗಿ ಅರ್ಧ ಗಂಟೆಯಾಗಿತ್ತು. ಕಾದು ಕಾದು ಎರಡು ಆಟೋ ಬದಲಾಯಿಸಿ ಗೇಟಿಗೆ ಬರುವಷ್ಟರಲ್ಲಿ ಒಂದೂಕಾಲು ಗಂಟೆ ತಡ. ಅರ್ಧ ದಿನದ ಸಂಬಳ ಹೋಯಿತು. ಟೈಮ್ ಆಫೀಸಿನ ಕಿಟಕಿಯ ಹತ್ತಿರ ಬಂದು, ನನಗೆ ಯಾರೂ ಹೇಳಲಿಲ್ಲ ಅಂದಳು. ನಾನು ಗತ್ತಿನಿಂದ ಫೋನು ತೆಗೆದು ತೋರಿಸಿದೆ. ನೋಡಮ್ಮ, ಇದು ನಿನ್ನ ನಂಬರ್ ತಾನೆ, ಹೆಬ್ಬೆರಳು ಒತ್ತಿದ್ದೀಯಲ್ಲ.

ಅವಳು ಕಿಟಕಿಯ ಸರಳಿನ ಆಚೆಯಿಂದ ಬಗ್ಗಿ ನೋಡಿ ಹೇಳಿದಳು: "ಅದಿ ಮಾ ಪಿಲ್ಲೋಡು ನೊಕ್ಕಿಂದಿ ಸಾರ್." ಅದನ್ನು ಒತ್ತಿದ್ದು ನನ್ನ ಮಗ ಅಂತ. ಮನೆಗೆ ಇರುವುದೊಂದೇ ಸ್ಮಾರ್ಟ್‌ಫೋನು. ಅದು ಚಿಕ್ಕಬಳ್ಳಾಪುರದ ಕಾಲೇಜಿಗೆ ಹೋಗುವ ಮಗನ ಕೈಯಲ್ಲಿ. ಅಮ್ಮನ ಗ್ರೂಪಿನಲ್ಲಿ ಏನು ಬಂದರೂ ಹೆಬ್ಬೆರಳು ಒತ್ತಿ ಹಾಕುವುದು ಅವನಿಗೆ ರೂಢಿ. ಅವತ್ತು ರಾತ್ರಿಯೂ ಒತ್ತಿ, ಹೇಳುವುದನ್ನು ಮರೆತು ಮಲಗಿದ್ದ.

ಕಡಿತ ತೆಗೆಯಿರಿ ಎಂದು ಮೇಲೆ ಚೀಟಿ ಬರೆದೆ. ಮೆಸೇಜು ನೋಡಿದ ಗುರುತಿದೆಯಲ್ಲ ಎಂದು ಚೀಟಿ ವಾಪಸ್ಸು ಬಂತು.

ಅವತ್ತಿನಿಂದ ಹೆಬ್ಬೆಟ್ಟಿನ ಲೆಕ್ಕ ತಲೆಯಲ್ಲಿ ಕೂತುಬಿಟ್ಟಿದೆ. ನಾನು ಕೆಲಸಕ್ಕೆ ಸೇರಿದಾಗ ಹೆಬ್ಬೆಟ್ಟು ಅಂದರೆ ಓದು ಬಾರದವರು ಎಂದರ್ಥ. ಶನಿವಾರ ಬಟವಾಡೆಯ ದಿನ ನೀಲಿ ಇಂಕಿನ ಪ್ಯಾಡು ಮುಂದಿಟ್ಟುಕೊಂಡು ಕೂರುತ್ತಿದ್ದೆ. ಫಿಲೇಚರಿನ ಹೆಂಗಸರು ಬಂದು ಪುಸ್ತಕಕ್ಕೆ ಒತ್ತಿ, ದುಡ್ಡು ಎಣಿಸಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು ಹೋಗುತ್ತಿದ್ದರು. ಆಮೇಲೆ ಬಯೋಮೆಟ್ರಿಕ್ ಯಂತ್ರ ಬಂತು. ಆಗ ಓದಿದವರೂ ಹೆಬ್ಬೆಟ್ಟೇ ಒತ್ತಬೇಕಾಯಿತು, ಮ್ಯಾನೇಜರು ಸಮೇತ. ಅದರಲ್ಲೊಂದು ಸಣ್ಣ ಸಮಾಧಾನವಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಕುದಿಯುವ ಬೇಸಿನ್ನಿನಲ್ಲಿ ಗೂಡು ಆಡಿಸಿ ಎಳೆ ಹುಡುಕುವ ಕೈ ಎಂಥದ್ದು ನಿಮಗೆ ಗೊತ್ತು. ಇಡೀ ದಿನ ಬಿಸಿನೀರಿನಲ್ಲಿ ನೆನೆದು ಬೆರಳ ತುದಿ ಬೆಳ್ಳಗೆ ಉಬ್ಬಿರುತ್ತದೆ, ಗೆರೆ ಸವೆದಿರುತ್ತದೆ. ಯಂತ್ರ ಅವರನ್ನು ಗುರುತಿಸಲು ಒಲ್ಲೆ ಎನ್ನುತ್ತಿತ್ತು. ರೇಷನ್ ಅಂಗಡಿಯಲ್ಲೂ ಅದೇ ಪಾಡು. ಇಪ್ಪತ್ತು ವರ್ಷದಿಂದ ಬರುತ್ತಿರುವ ಹೆಂಗಸು ಯಂತ್ರದ ಮುಂದೆ ನಿಂತು ಬೆರಳನ್ನು ಹಣೆಗೆ, ತಲೆಗೂದಲಿಗೆ ಉಜ್ಜಿ ಉಜ್ಜಿ ಮತ್ತೆ ಇಡುವುದನ್ನು ನೋಡಿದ್ದೇನೆ.

ಈಗಿನದು ಮೂರನೆಯ ಹೆಬ್ಬೆಟ್ಟು, ಹಳದಿ ಬಣ್ಣದ್ದು. ಇದಕ್ಕೆ ಇಂಕು ಬೇಡ, ಗೆರೆಯೂ ಬೇಡ. ಯಾರು ಬೇಕಾದರೂ ಯಾರ ಪರವಾಗಿಯಾದರೂ ಒತ್ತಬಹುದು.

ನಿಮಗೆ ಒಂದು ಸಂಗತಿ ನೆನಪಿಸಬೇಕು. ಅಡ್ಮಿನ್ ಮಾತ್ರ ಬರೆಯಬಹುದು ಎನ್ನುವ ಸೆಟ್ಟಿಂಗು ವಾಟ್ಸ್‌ಆ್ಯಪ್‌ಗೆ ಬಂದದ್ದು 2018ರಲ್ಲಿ. ಮೆಸೇಜಿನ ಮೇಲೆಯೇ ಹೆಬ್ಬೆರಳು, ಹೃದಯ ಒತ್ತುವ ಸೌಲಭ್ಯ ಬಂದದ್ದು 2022ರಲ್ಲಿ. ಎರಡನ್ನೂ ಕೂಡಿಸಿ ನೋಡಿ. ನೀವು ಬಾಯಿಗೆ ಬೀಗ ಹಾಕಿದ ಗ್ರೂಪಿನಲ್ಲಿ ಕೆಲಸಗಾರನಿಗೆ ಉಳಿಯುವುದು ಹೆಬ್ಬೆರಳು ಒಂದೇ. ಯಾಕೆ ಎಂದು ಕೇಳಲು ಅಲ್ಲಿ ಜಾಗವಿಲ್ಲ, ಆಗುವುದಿಲ್ಲ ಎನ್ನಲೂ ಜಾಗವಿಲ್ಲ. ಅಳುವ ಮುಖವೊಂದಿದೆ, ನಿಜ. ಸೂಪರ್‌ವೈಸರ್ ಹಾಕಿದ ಮೆಸೇಜಿಗೆ ಅಳುವ ಮುಖ ಒತ್ತುವ ಧೈರ್ಯ ಯಾರಿಗಿದೆ ಹೇಳಿ. ಆಮೇಲೆ ನಾವೇ ಸ್ಕ್ರೀನ್‌ಶಾಟ್ ತೆಗೆದು ಮೇಲಕ್ಕೆ ಕಳಿಸುತ್ತೇವೆ, ಎಲ್ಲರೂ ಒಪ್ಪಿದ್ದಾರೆ ಸಾರ್.

ಬೀಗ ಯಾಕೆ ಹಾಕಿದಿರಿ ಎಂದೂ ಬಲ್ಲೆ. ಬೆಳಿಗ್ಗೆ ಐದಕ್ಕೇ ಶುರುವಾಗುವ ಶುಭೋದಯದ ಗುಲಾಬಿ, ದೇವರ ಪಟ, ಹನ್ನೊಂದು ಜನಕ್ಕೆ ಕಳಿಸದಿದ್ದರೆ ಕೆಟ್ಟದಾಗುತ್ತದೆ ಎನ್ನುವ ಬೆದರಿಕೆ, ಚುನಾವಣೆ ಬಂದರೆ ಜಗಳ. ಇವುಗಳ ನಡುವೆ ಬಸ್ಸಿನ ಸಮಯ ಎಲ್ಲೋ ಮುಳುಗಿಹೋಗುತ್ತಿತ್ತು. ನಮ್ಮ ಗ್ರೂಪು ಹುಟ್ಟಿದ್ದು 2020ರ ಲಾಕ್‌ಡೌನಿನಲ್ಲಿ. ಪಾಸು ಯಾರಿಗೆ, ಬಸ್ಸು ಎಲ್ಲಿವರೆಗೆ, ಅರ್ಧ ಸಂಬಳವೋ ಪೂರ್ತಿಯೋ ಎಂಬ ಗಾಬರಿಯ ದಿನಗಳಲ್ಲಿ ಅದೇ ನಮಗೆ ಆಧಾರವಾಯಿತು. ಆ ಉಪಕಾರವನ್ನು ಮರೆಯುವುದಿಲ್ಲ. ನನ್ನ ತಕರಾರು ಫೋನಿನ ಮೇಲಿಲ್ಲ, ಬೀಗದ ಮೇಲಿದೆ.

ಶಿಡ್ಲಘಟ್ಟದವರನ್ನೇ ಕೇಳುತ್ತೇನೆ. ನಿಮ್ಮ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುವ ಕಾಲವನ್ನು ನೀವು ಕಂಡಿದ್ದೀರಿ. ಅದಕ್ಕೂ ಹಿಂದಿನ ಪದ್ಧತಿ ಬೇಕಿದ್ದರೆ ದನದ ಜಾತ್ರೆಯನ್ನು ನೆನೆಸಿಕೊಳ್ಳಿ. ಘಾಟಿ ಸುಬ್ರಹ್ಮಣ್ಯದಲ್ಲಿ ಟವೆಲ್ಲಿನ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ಬೆಲೆ ಆಡುತ್ತಿದ್ದರು. ಬಾಯಿಬಿಟ್ಟು ಮಾತಿಲ್ಲ, ಸುತ್ತ ನಿಂತವರಿಗೆ ಏನೂ ತಿಳಿಯುತ್ತಿರಲಿಲ್ಲ. ದಲ್ಲಾಳಿ ಅದರಲ್ಲಿ ಆಟವಾಡುತ್ತಿದ್ದ, ಸರಿ. ಆದರೂ ಬೆಲೆ ಹಿಡಿಸದಿದ್ದರೆ ಮಾರುವವನು ಕೈ ಎಳೆದುಕೊಳ್ಳಬಹುದಿತ್ತು. ರೇಷ್ಮೆ ಗೂಡಿನ ವ್ಯಾಪಾರ ಮಾರುಕಟ್ಟೆಯೊಳಗೇ, ಕಾನೂನಿನ ಕಣ್ಣೆದುರೇ ನಡೆಯಬೇಕೆಂದು 1959ರ ಕಾಯ್ದೆ ಹೇಳಿತು. ಲಾಟಿನ ಸುತ್ತ ರೀಲರುಗಳು ನೆರೆದು ಉರ್ದು, ತೆಲುಗು, ಕನ್ನಡ ಬೆರೆಸಿ ಕೂಗುವಾಗ ಹಜಾರದ ತಗಡಿನ ಸೂರು ನಡುಗುತ್ತಿತ್ತು. ಗೂಡು ತಂದ ರೈತ ಜಾಲರಿಯ ಪಕ್ಕ ನಿಂತು ಒಬ್ಬೊಬ್ಬರ ಮುಖ ನೋಡುತ್ತಿದ್ದ. ಯಾರಿಗೆ ನಿಜವಾಗಿ ಬೇಕು, ಯಾರು ಸುಮ್ಮನೆ ಕೂಗುತ್ತಿದ್ದಾರೆ ಎಂದು ಕಣ್ಣಿನಲ್ಲೇ ಅಳೆಯುತ್ತಿದ್ದ.

ಈಗ ಇ-ಹರಾಜು. ರೀಲರು ಗೂಡನ್ನು ಹಿಡಿಯಲ್ಲಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ, ಒತ್ತಿ ನೋಡಿ, ಲಾಟ್ ನಂಬರಿಗೆ ದರವನ್ನು ಮೊಬೈಲಿನಲ್ಲಿ ಒತ್ತುತ್ತಾರೆ. ಮಾರುಕಟ್ಟೆಯ ಗದ್ದಲ ಅರ್ಧಕ್ಕರ್ಧ ಇಳಿದಿದೆ. ನಾಲ್ವರು ಕೂಡಿ ಮಾತಾಡಿಕೊಂಡು ದರ ಕೆಡವುವುದು ಮೊದಲಿನಷ್ಟು ಸುಲಭವಿಲ್ಲ, ದುಡ್ಡೂ ಬ್ಯಾಂಕಿಗೇ ಹೋಗುತ್ತದೆ. ಮುಖ ನೋಡುವ ಭಾಗ್ಯ ಹೋಯಿತೆಂದು ಹಳಬರು ಗೊಣಗುತ್ತಾರೆ. ಗೊಣಗಲಿ. ನಾನು ಹೇಳಬೇಕೆಂದಿರುವುದು ಬೇರೆ. ಇಷ್ಟೆಲ್ಲ ಬದಲಾದರೂ ಆ ವ್ಯವಸ್ಥೆ ಒಂದನ್ನು ಉಳಿಸಿಕೊಂಡಿತು. ಬಂದ ದರ ಹಿಡಿಸದಿದ್ದರೆ ಬೇಡ ಎನ್ನುವ ಹಕ್ಕು ಇವತ್ತಿಗೂ ರೈತನದೇ. ಟವೆಲ್ಲಿನ ಕೆಳಗಿನಿಂದ ಕೈ ಎಳೆದುಕೊಂಡ ಹಾಗೆಯೇ. ಅದೇ ಊರಿನಲ್ಲಿ, ಅದೇ ಗೂಡನ್ನು ಬಿಚ್ಚಿ ನೂಲು ತೆಗೆಯುವ ಹೆಂಗಸಿನ ಫೋನಿಗೆ, ನಾಳೆ ಒಂದು ಗಂಟೆ ಮುಂಚೆ ಬನ್ನಿ ಎಂದು ನೀವು ಮೆಸೇಜು ಹಾಕುತ್ತೀರಿ. ಅದಕ್ಕೆ ಬೇಡ ಎನ್ನುವ ಗುಂಡಿ ಎಲ್ಲಿದೆ?

ಹಳೆಯ ಕಾನೂನು ಬರೆದವರು ಕಾರ್ಖಾನೆಯ ಗೇಟನ್ನು ಕಣ್ಣಾರೆ ನೋಡಿದ್ದರು ಅನಿಸುತ್ತದೆ. 1946ರ ಸ್ಥಾಯಿ ಆದೇಶಗಳ ಕಾಯ್ದೆಯಲ್ಲಿ ಒಂದು ಮಾತಿದೆ. ಕೆಲಸದ ನಿಯಮಗಳನ್ನು ಬಹುಪಾಲು ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲೂ ಬರೆದು, ಬಹುಪಾಲು ಕೆಲಸಗಾರರು ಒಳಗೆ ಬರುವ ಬಾಗಿಲ ಹತ್ತಿರವೇ ಹಲಗೆಯ ಮೇಲೆ ಹಾಕಬೇಕು. ಸಾಹೇಬರ ಕಾರು ಬರುವ ಗೇಟಿನಲ್ಲಿ ಹಾಕಿದರೆ ಲೆಕ್ಕಕ್ಕಿಲ್ಲ. 1948ರ ಕಾರ್ಖಾನೆ ಕಾಯ್ದೆಯ 108ನೇ ಸೆಕ್ಷನ್ನೂ ಹೆಚ್ಚುಕಡಿಮೆ ಇದನ್ನೇ ಹೇಳಿತು. ಕೂಲಿ, ಕೆಲಸದ ವೇಳೆ, ರಜೆಯಂಥ ಸಂಗತಿಗಳನ್ನು ಬದಲಿಸುವುದಿದ್ದರೆ 21 ದಿನ ಮುಂಚೆ ನೋಟಿಸು ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯ್ದೆ. ಈಗ ಇವುಗಳ ಜಾಗಕ್ಕೆ ಹೊಸ ಸಂಹಿತೆಗಳು ಬಂದಿವೆ, ಅದರ ವಾದ ವಕೀಲರಿಗಿರಲಿ. ಇಪ್ಪತ್ತೊಂದು ದಿನ ಎಲ್ಲಿ, ರಾತ್ರಿ ಒಂಬತ್ತೂಮುಕ್ಕಾಲು ಎಲ್ಲಿ, ನೀವೇ ನೋಡಿ.

ಭಾಷೆಯ ಮಾತು ಬಂತು. ನಮ್ಮ ಜಿಲ್ಲೆಯಲ್ಲಿ ಮನೆಯೊಳಗೆ ತೆಲುಗು, ಅಂಗಡಿಯಲ್ಲಿ ಕನ್ನಡ, ಫಿಲೇಚರಿನಲ್ಲಿ ಉರ್ದು. ಈಗ ಬಿಹಾರ, ಒಡಿಶಾ ಕಡೆಯ ಹುಡುಗರು ಬಂದಮೇಲೆ ಹಿಂದಿಯೂ ಸೇರಿದೆ. ಕೈವಾರದ ತಾತಯ್ಯನವರು ಬಳೆ ಮಾರುತ್ತಾ ಊರೂರು ತಿರುಗಿದವರು. ತೆಲುಗಿನಲ್ಲೂ ಹಾಡು ಕಟ್ಟಿದರು, ಕನ್ನಡದಲ್ಲೂ ಕಟ್ಟಿದರು. ಬಳೆ ತೊಡಿಸುವವನಿಗೆ ಎದುರಿಗೆ ಕೂತವಳ ಭಾಷೆ ಬರದಿದ್ದರೆ ವ್ಯಾಪಾರವೇ ಆಗದು. ನಿಮ್ಮ ಗ್ರೂಪಿನಲ್ಲಿ ಮಾತ್ರ "ಡಿಯರ್ ಆಲ್, ಕೈಂಡ್ಲಿ ನೋಟ್" ಎಂದು ಶುರುವಾಗುತ್ತದೆ. ಓದುವ ಎಂಬತ್ತು ಜನರಲ್ಲಿ ಕೈಂಡ್ಲಿ ಯಾರು, ನೋಟ್ ಯಾರು ಎಂದು ಗೊತ್ತಿರುವವರು ಹತ್ತು ಜನ. ಇನ್ನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ಚಾಳಿ. ಅಲ್ಲಿ ಒಂದು 'ಓ' ಬಿಟ್ಟುಹೋದರೆ ಕೂಲಿ ಕೋಳಿಯಾಗುತ್ತದೆ. ನಾಳೆ ಕೋಳಿ ಇಲ್ಲ ಎಂದು ಓದಿಕೊಂಡು ಕ್ಯಾಂಟೀನಿನವನ ಜೊತೆ ಜಗಳಕ್ಕೆ ಹೋದವನನ್ನು ನಾನು ಕಂಡಿದ್ದೇನೆ. ಅವತ್ತು ನಗು ಬಂತು. ಸಂಬಳದ ದಿನ ಯಾರಿಗೂ ನಗು ಬರಲಿಲ್ಲ.

ಒಂದು ಒಳ್ಳೆಯದನ್ನೂ ಹೇಳಬೇಕು. ಮೈಕಿನ ಗುರುತು ಒತ್ತಿ ಹಿಡಿದು ಮಾತಾಡಿ ಕಳಿಸುವುದಿದೆಯಲ್ಲ, ಅದು ನಮ್ಮವರಿಗೆ ಬಂದ ದೊಡ್ಡ ವರ. ಅಕ್ಷರ ಬಾರದವಳು ಅದರಲ್ಲಿ ಕಾರ್ಖಾನೆಗೆ ಮೊದಲ ಸಲ ತನ್ನ ಮಾತಿನಲ್ಲೇ ಉತ್ತರ ಕೊಟ್ಟಳು. ಹುಳು ಮೂರನೇ ಜ್ವರಕ್ಕೆ ಕೂತಿದೆ ಸಾರ್, ಎದ್ದಮೇಲೆ ಸೊಪ್ಪು ಹಾಕೋಕೆ ಮನೇಲಿ ಯಾರೂ ಇಲ್ಲ, ನಾಡಿದ್ದು ಬರೋಕಾಗಲ್ಲ ಎಂದು ಒಬ್ಬಳು ಕಳಿಸಿದ್ದ ಇಪ್ಪತ್ತು ಸೆಕೆಂಡಿನ ದನಿ ನನ್ನ ಕಿವಿಯಲ್ಲಿ ಇನ್ನೂ ಇದೆ. ಹಿಂದೆ ಕೋಳಿ ಕೂಗುತ್ತಿತ್ತು, ಮಗು ಅಳುತ್ತಿತ್ತು. ರಜೆ ಚೀಟಿಯಲ್ಲಿ ಇದೆಲ್ಲ ಎಲ್ಲಿ ಬರುತ್ತದೆ? ಅಲ್ಲಿ ಇರುವುದು "ಸ್ವಂತ ಕೆಲಸದ ನಿಮಿತ್ತ" ಎನ್ನುವ ಒಂದೇ ಸಾಲು. ಆದರೆ ನಮ್ಮ ಆಫೀಸಿನಲ್ಲಿ ಒಬ್ಬರು ಅದಕ್ಕೆ ಕೊಟ್ಟ ಉತ್ತರ ಹೀಗಿತ್ತು: ವಾಯ್ಸ್ ಕಳಿಸಬೇಡಿ, ಟೈಪ್ ಮಾಡಿ.

ಸರ್ಕಾರಿ ಗ್ರೂಪಿನ ಅಡ್ಮಿನ್‌ಗಳೇ, ನೀವು ತಪ್ಪಿಸಿಕೊಂಡಿರಿ ಅಂದುಕೊಳ್ಳಬೇಡಿ. "ಅರ್ಜೆಂಟ್, ಇಂದೇ ಕಳಿಸಿ" ಎನ್ನುವ ಮೆಸೇಜಿಗೆ ಶಾಲೆಯ ಮೇಷ್ಟ್ರು ಪಾಠ ನಿಲ್ಲಿಸಿ ಕೂರುತ್ತಾರೆ, ಅಂಗನವಾಡಿಯ ಅಕ್ಕ ಮಕ್ಕಳಿಗೆ ಬಡಿಸುವ ಮೊದಲು ಫೋಟೋ ತೆಗೆಯುತ್ತಾಳೆ. ಉದ್ಯೋಗ ಖಾತ್ರಿಯಲ್ಲಿ 2023ರ ಜನವರಿ 1ರಿಂದ ಹಾಜರಿಯನ್ನು ಆ್ಯಪಿನಲ್ಲೇ, ದಿನಕ್ಕೆರಡು ಸಲ ಫೋಟೋ ತೆಗೆದು ಹಾಕಬೇಕೆಂದಾಯಿತು. ಕೆರೆಯ ಅಂಗಳದಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಮಣ್ಣು ಹೊತ್ತವನು ಹೊತ್ತೇ ಇಲ್ಲ. ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತದ್ದು ಬರಿಯ ಗೌರವಧನ ಹೆಚ್ಚಿಸಿ ಎಂದಲ್ಲ. ಮಾಡಿದ ಕೆಲಸ ಪೋರ್ಟಲ್ಲಿನಲ್ಲಿ ದಾಖಲಾಗುವುದಿಲ್ಲ, ದಾಖಲಾಗದ್ದಕ್ಕೆ ದುಡ್ಡಿಲ್ಲ, ಆ ಗಂಟು ಬಿಡಿಸಿ ಎಂದೂ ಕೇಳಿದರು. ಬಾಣಂತಿಯ ಮನೆಗೆ ಹೋಗಿ ಬಂದವಳ ಮಾತಿಗಿಂತ ಪೋರ್ಟಲ್ಲಿನ ಮಾತು ಮೇಲಾಯಿತು. ಪೋರ್ಟಲ್ಲಿಗೆ ಯಾಕೆ ಎಂದು ಕೇಳುವ ಕಿವಿ ಇರುವುದಿಲ್ಲ, ಆ ಕಿವಿ ನೀವಾಗಬೇಕಿತ್ತು.

ಕೇಳಿಸಿಕೊಳ್ಳುವುದು ಏನೆಂದು ಗೌರಿಬಿದನೂರಿನವರಿಗೆ ನಾನು ಹೇಳಬೇಕೆ? 1965ರಿಂದ ನಿಮ್ಮೂರಿನ ಬಂಡೆಗಳ ನಡುವೆ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳು ಕೂತಿವೆ. ಸಾವಿರಾರು ಕಿಲೋಮೀಟರ್ ಆಚೆ ಯಾರಾದರೂ ನೆಲದಡಿ ಅಣುಬಾಂಬು ಸಿಡಿಸಿದರೆ ಇಲ್ಲಿ ಗೊತ್ತಾಗುತ್ತದೆ. 1976ರಲ್ಲಿ ಅಲ್ಲೇ ಹತ್ತಿರ ರೇಡಿಯೊ ದೂರದರ್ಶಕವೂ ಎದ್ದಿತು. ಟಿ ಆಕಾರದಲ್ಲಿ ನೆಟ್ಟ ಸಾವಿರ ಆಂಟೆನಾ, ಒಂದು ತೋಳೇ ಸುಮಾರು 1.4 ಕಿಲೋಮೀಟರ್ ಉದ್ದ. ಸೂರ್ಯ ಮತ್ತು ಅದರಾಚೆಯಿಂದ ಬರುವ ಕ್ಷೀಣ ಅಲೆಗಳನ್ನು ಹಿಡಿಯಲು ಅಷ್ಟು ಜಾಗ ಬೇಕಾಯಿತು. ಅಲ್ಲಿ ಕೆಲಸ ಮಾಡುವವರ ಮೊದಲ ಶತ್ರು ಸುತ್ತಲಿನ ಗದ್ದಲ. ಹೇಳುವ ಯಂತ್ರ ಮಾಡುವುದಕ್ಕಿಂತ ಕೇಳುವ ಯಂತ್ರ ಮಾಡುವುದು ಕಷ್ಟ. ಕೇಳಿಸಿಕೊಳ್ಳಬೇಕಾದರೆ ಹತ್ತಿರವೂ ಇರಬೇಕು. ಅದೇ ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, ಬದುಕಿದ್ದು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲಿ, ಹುಡುಗರ ನಡುವೆ.

ಕಿವಿ ಮುಚ್ಚಿಕೊಂಡರೆ ಏನಾಗುತ್ತದೆ ಎನ್ನುವುದನ್ನು ನೋಡಲು ದೂರ ಹೋಗಬೇಕಿಲ್ಲ. ಪಕ್ಕದ ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ, 2020ರ ಡಿಸೆಂಬರ್ 12ರ ಬೆಳಗಿನ ಜಾವ ಪಾಳಿ ಮುಗಿಸಿದ ಕೆಲಸಗಾರರು ಗಾಜು ಒಡೆದರು, ವಾಹನ ಉರುಳಿಸಿದರು. ಒಡೆದದ್ದನ್ನು ಸರಿ ಎನ್ನುವುದಿಲ್ಲ. ಆದರೆ ಒಂದೇ ವಾರದಲ್ಲಿ ಆಪಲ್ ಕಂಪನಿಯೇ ಹೇಳಿತು: ಕೆಲಸದ ಗಂಟೆಗಳ ಲೆಕ್ಕ ಇಡುವ ವ್ಯವಸ್ಥೆ ಸರಿಯಿರಲಿಲ್ಲ, ಅದರಿಂದ ಅಕ್ಟೋಬರ್, ನವೆಂಬರಿನಲ್ಲಿ ಕೆಲವರ ಸಂಬಳ ತಡವಾಯಿತು. ವಿಸ್ಟ್ರಾನ್ ಕ್ಷಮೆ ಕೇಳಿತು, ಭಾರತದ ವಹಿವಾಟು ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. ಬಹುಪಾಲು ಕೆಲಸಗಾರರು ಗುತ್ತಿಗೆದಾರರ ಮೂಲಕ ಬಂದವರು. ಸಂಬಳ ಯಾಕೆ ಕಡಿಮೆ ಬಂತು ಎಂದು ಕೇಳಲು ಹೋದರೆ ಕಂಪನಿ ಗುತ್ತಿಗೆದಾರನ ಕಡೆ ಕೈ ತೋರಿಸುತ್ತದೆ, ಗುತ್ತಿಗೆದಾರ ಕಂಪನಿಯ ಕಡೆ. ಟೈಮ್ ಆಫೀಸಿನ ಕಿಟಕಿಯಲ್ಲಿ ಕೂತಿದ್ದವನಾಗಿ ಈ ಎರಡು ಕೈಗಳನ್ನೂ ನಾನು ಚೆನ್ನಾಗಿ ಬಲ್ಲೆ. ಫೋನುಗಳನ್ನೇ ತಯಾರಿಸುವ ಜಾಗದಲ್ಲಿ ಮಾತು ಮೇಲಕ್ಕೆ ಮುಟ್ಟಲಿಲ್ಲ.

ಚಿಂತಾಮಣಿಯವರೇ, ನಿಮಗೆ ಬೇರೆ ಹೇಳುವುದೇನಿಲ್ಲ. ಟೊಮೆಟೊ ಮಂಡಿಯಲ್ಲಿ ಇವತ್ತಿನ ದರ ಕೋಲಾರದಲ್ಲೆಷ್ಟು, ಮದನಪಲ್ಲಿಯಲ್ಲೆಷ್ಟು ಎಂದು ಬೆಳಗಾಗುವಷ್ಟರಲ್ಲಿ ಹತ್ತು ಕಡೆಯಿಂದ ತಿಳಿದುಕೊಳ್ಳುತ್ತೀರಿ. ಬಾಕ್ಸು ಹೊರುವ ಹಮಾಲರಿಗೆ ಲಾರಿ ತಡವಾಗಿದೆ ಎಂದು ಹೇಳುವವರು ಮಾತ್ರ ಯಾರೂ ಇರುವುದಿಲ್ಲ. ಅವರು ಗೋಣಿಚೀಲದ ಮೇಲೆ ಮಲಗಿ ಕಾಯುತ್ತಾರೆ, ಕಾದದ್ದಕ್ಕೆ ಕೂಲಿಯಿಲ್ಲ.

ನಿಮ್ಮಿಂದ ದೊಡ್ಡದೇನೂ ಕೇಳುತ್ತಿಲ್ಲ. ರಾತ್ರಿ ಎಂಟರ ಮೇಲೆ ನಾಳೆಯ ವೇಳೆ ಬದಲಿಸಬೇಡಿ. ಬದಲಿಸಲೇಬೇಕಾದರೆ ಹೆಬ್ಬೆರಳು ಒತ್ತದವರಿಗೂ, ಮಗನ ನಂಬರು ಕೊಟ್ಟವರಿಗೂ ಫೋನು ಮಾಡಿ. ನನ್ನ ಗ್ರೂಪಿನಲ್ಲಿ 23 ಜನಕ್ಕೆ ಕರೆ ಮಾಡಲು ಅರ್ಧ ಗಂಟೆ ಬೇಕಿತ್ತು, ಆ ಅರ್ಧ ಗಂಟೆ ನನ್ನಲ್ಲಿತ್ತು. ಸಂಬಳ, ಕಡಿತ, ವೇಳೆ ಈ ಮೂರನ್ನು ಗ್ರೂಪಿನಲ್ಲಿ ಹಾಕಿದರೂ ಗೇಟಿನ ಹಲಗೆಯ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ, ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ತೆಲುಗಿನಲ್ಲೋ ಉರ್ದುವಿನಲ್ಲೋ ಬಾಯಿಬಿಟ್ಟು ಹೇಳಿ. ವಾಯ್ಸ್ ಮೆಸೇಜು ಪೂರ್ತಿ ಕೇಳಿ, ಹಿಂದಿನ ಕೋಳಿ ಕೂಗುವುದೂ ಸೇರಿ.

ಮತ್ತೆ ಆ ಬೀಗ. ವಾರಕ್ಕೊಂದು ಸಂಜೆಯಾದರೂ ಅದನ್ನು ತೆಗೆದಿಡಿ. ಮೊದಲ ವಾರ ಗುಲಾಬಿ ಹೂವೇ ಬರುತ್ತದೆ, ಬರಲಿ ಬಿಡಿ. ಎರಡನೇ ವಾರ ಯಾರೋ ಒಬ್ಬರು, ಬಹುಶಃ ಮಗನ ಕೈಯಲ್ಲಿ ಬರೆಸಿ, ಬಸ್ಸು ನಮ್ಮ ಕ್ರಾಸಿಗೆ ಎಷ್ಟು ಗಂಟೆಗೆ ಸಾರ್ ಎಂದು ಕೇಳುತ್ತಾರೆ. ಅದಕ್ಕೆ ಹೆಬ್ಬೆರಳು ಒತ್ತಬೇಡಿ. ಗಂಟೆ ಎಷ್ಟೆಂದು ಬರೆಯಿರಿ.

ಇತಿ ನಿಮ್ಮ,
ಹಳೆಯ ಅಡ್ಮಿನ್ ಒಬ್ಬ